ಗೆಳೆಯರ ಪಿಯಾನೊ ಚಾಲೆಂಜ್: ಕಷ್ಟದ ಕೃತಿಯನ್ನು ಅರ್ಧಕ್ಕೆ ಬಿಡದೆ ಕಲಿಯುವ ಕ್ರಮ

ಹವ್ಯಾಸಕ್ಕೆ ಪಿಯಾನೊ ನುಡಿಸುವ ಮೂರು ನಾಲ್ಕು ಗೆಳೆಯರು ಸೇರಿ, ಮೂರು ತಿಂಗಳಲ್ಲಿ ಒಂದು ಕಷ್ಟದ ಕೃತಿ ಕಲಿಯೋಣ ಅಂತ ಪಣ ತೊಡುತ್ತಾರೆ. ಮೊದಲ ವಾರ ಎಲ್ಲರಿಗೂ ಹುರುಪು. ಮೂರನೇ ವಾರಕ್ಕೆ ಒಬ್ಬರ ಸದ್ದೇ ಇರುವುದಿಲ್ಲ. ಆರನೇ ವಾರಕ್ಕೆ ಉಳಿದವರೂ ಮೊದಲ ಪುಟವನ್ನೇ ಮತ್ತೆ ಮತ್ತೆ ನುಡಿಸುತ್ತಿರುತ್ತಾರೆ. ಕೊನೆಯ ದಿನಾಂಕ ಸುಮ್ಮನೆ ಬಂದು ಹೋಗುತ್ತದೆ.

ಇದು ಇಷ್ಟೊಂದು ಸಲ ಆಗುವುದಕ್ಕೆ ಕಾರಣ ಬೆರಳುಗಳಲ್ಲ, ಕೆಲಸದ ಕ್ರಮ. ಕೃತಿ ಆರಿಸುವಾಗ ಅವಸರ, ನಿಯಮ ಬರೆದಿಡುವಾಗ ಸಂಕೋಚ, ಕಲಿಯುವಾಗ ಮೊದಲ ಬಾರ್‌ನಿಂದಲೇ (ಬಾರ್ ಅಂದರೆ ಬರೆದ ಸಂಗೀತದಲ್ಲಿ ಎರಡು ನಿಂತ ಗೆರೆಗಳ ನಡುವಿನ ತಾಳದ ಒಂದು ಆವರ್ತ) ಶುರು, ವೇಗ ಬೇಗ ಬರಲಿ ಅನ್ನುವ ಆಸೆ. ಈ ನಾಲ್ಕನ್ನು ಸರಿಪಡಿಸಿಕೊಂಡರೆ ಉಳಿದದ್ದು ದಿನದಿನದ ಅಭ್ಯಾಸ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದು ಮಾಡಿದರೆ ಕೆಲಸ ಎರಡೆರಡು ಸಲ ಆಗುತ್ತದೆ.

ಹಂತ 1: ಯಾರ ಜೊತೆ, ಎಷ್ಟು ಜನ

ಇಬ್ಬರಿಂದ ಐದು ಜನ ಸಾಕು. ಇಬ್ಬರೇ ಇದ್ದರೆ ಒಬ್ಬರು ಜ್ವರ ಬಂದು ಮಲಗಿದರೂ ಚಾಲೆಂಜ್ ನಿಲ್ಲುತ್ತದೆ. ಐದಕ್ಕಿಂತ ಜಾಸ್ತಿ ಆದರೆ ಎಲ್ಲರ ರೆಕಾರ್ಡಿಂಗ್ ಯಾರೂ ಪೂರ್ತಿ ಕೇಳುವುದಿಲ್ಲ. ನನ್ನ ಪ್ರಕಾರ ಮೂವರು ಇದ್ದರೆ ತುಂಬಾ ಒಳ್ಳೆಯದು.

ಎಲ್ಲರೂ ಒಂದೇ ಮಟ್ಟದಲ್ಲಿ ಇರಲೇಬೇಕು ಅಂತಿಲ್ಲ. ಆದರೆ ಯಾರು ಯಾವ ಮಟ್ಟದಲ್ಲಿದ್ದಾರೆ ಅನ್ನುವುದು ಶುರುವಿನಲ್ಲೇ ಎಲ್ಲರಿಗೂ ಗೊತ್ತಿರಬೇಕು. ಪ್ರತಿಯೊಬ್ಬರೂ ಈಗ ಧೈರ್ಯವಾಗಿ ನುಡಿಸಬಲ್ಲ ಒಂದು ಕೃತಿಯನ್ನು ರೆಕಾರ್ಡ್ ಮಾಡಿ ಹಂಚಿಕೊಳ್ಳಲಿ. ಹಳೆಯದು ಬೇಡ, ಈ ವಾರದ್ದು. ಬಾಯಿಮಾತಿನಲ್ಲಿ ಹೇಳಿಕೊಂಡ ಮಟ್ಟಕ್ಕಿಂತ ಆ ಎರಡು ನಿಮಿಷದ ರೆಕಾರ್ಡಿಂಗ್ ನಂಬಿಕೆಗೆ ಅರ್ಹ.

ಹಂತ 2: ಕೃತಿಯನ್ನು ಆರಿಸುವುದು

ಅರ್ಧ ಚಾಲೆಂಜ್‌ಗಳು ಇಲ್ಲೇ ಸೋಲುತ್ತವೆ, ಹಾಗಾಗಿ ಇದಕ್ಕೆ ಪೂರ್ತಿ ಒಂದು ವಾರ ಕೊಡಿ.

ಕೃತಿ ನಿಮ್ಮ ಈಗಿನ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿರಲಿ, ಹೆಚ್ಚೆಂದರೆ ಎರಡು. ಮಟ್ಟ ತಿಳಿಯಲು ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಯಾದ ಎಬಿಆರ್‌ಎಸ್‌ಎಂ ಪರೀಕ್ಷೆಗಳ 1ರಿಂದ 8ರವರೆಗಿನ ಗ್ರೇಡ್‌ಗಳನ್ನು ನೋಡಬಹುದು. ಹೆನ್ಲೆ ಪ್ರಕಾಶನವೂ ತನ್ನ ಪಿಯಾನೊ ಕೃತಿಗಳಿಗೆ 1ರಿಂದ 9ರವರೆಗೆ ಕಷ್ಟದ ಅಂಕೆ ಕೊಡುತ್ತದೆ. ಅಂಕೆ ನೋಡಿ ಆಯ್ಕೆ ಮುಗಿಸಬೇಡಿ. ಅದು ಬರೀ ಮೊದಲ ಜರಡಿ.

ಎರಡನೆಯದು, ಕಷ್ಟ ಯಾವ ಬಗೆಯದು ಅಂತ ನೋಡಿ. ಲಿಸ್ಟ್‌ನ ಲಾ ಕಾಂಪನೆಲ್ಲಾದಲ್ಲಿ ಬಲಗೈ ಭಾರಿ ದೂರದ ಜಿಗಿತಗಳನ್ನು ವೇಗವಾಗಿ ಮಾಡಬೇಕು. ರಾಖ್ಮನಿನೊಫ್‌ನ ಸಿ ಶಾರ್ಪ್ ಮೈನರ್ ಪ್ರೆಲ್ಯೂಡ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ಒತ್ತುವ ಸ್ವರಗಳು) ಎಷ್ಟು ದಪ್ಪ ಅಂದರೆ ಕೊನೆಯ ಭಾಗವನ್ನು ಎಂದಿನ ಎರಡರ ಬದಲು ನಾಲ್ಕು ಸಾಲಿನಲ್ಲಿ ಬರೆದಿದ್ದಾರೆ. ಅಂಗೈ ಚಿಕ್ಕದಿದ್ದವರಿಗೆ ಅಲ್ಲಿ ಕಷ್ಟ ಜಾಸ್ತಿ. ಡೆಬ್ಯುಸಿಯ ಕ್ಲೇರ್ ಡ ಲ್ಯೂನ್ ನಿಧಾನದ ಕೃತಿ, ಕೇಳಲು ಸುಲಭ ಅನ್ನಿಸುತ್ತದೆ. ಆದರೆ ಐದು ಫ್ಲಾಟ್‌ಗಳ ಕೀ ಸಿಗ್ನೇಚರ್ (ಐದು ಸ್ವರಗಳನ್ನು ಅರ್ಧ ಸ್ವರ ಇಳಿಸಿ ನುಡಿಸುವ ಸೂಚನೆ), ಮೂರು ಮೂರಾಗಿ ನಡೆಯುವ 9/8 ತಾಳದ ನಡುವೆ ಎರಡೆರಡಾಗಿ ಬರುವ ಸ್ವರಗಳು, ಮಧ್ಯದ ಹರಿಯುವ ಆರ್ಪೆಜಿಯೊಗಳು (ಒಂದೊಂದಾಗಿ ಬಿಡಿಸಿ ನುಡಿಸುವ ಕಾರ್ಡ್‌ಗಳು), ಎಲ್ಲದಕ್ಕಿಂತ ಮೇಲೆ ಮೆಲುದನಿಯ ಹಿಡಿತ. ನಿಮಗೆ ಯಾವ ಕಷ್ಟ ಕಲಿಯಬೇಕಾಗಿದೆಯೋ ಅದಿರುವ ಕೃತಿ ಆರಿಸಿ. ಎಲ್ಲಾ ಕಷ್ಟಗಳೂ ಒಟ್ಟಿಗೆ ಇರುವುದು ಮೊದಲ ಚಾಲೆಂಜ್‌ಗೆ ಬೇಡ.

ಇನ್ನು ಪರೀಕ್ಷೆ. ಕೃತಿಯಲ್ಲಿ ಅತಿ ಕಷ್ಟ ಅನ್ನಿಸುವ 8 ಬಾರ್ ಹುಡುಕಿ. ಮೊದಲ ಪುಟದಲ್ಲೇ ಸಿಗುತ್ತದೆ ಅಂತ ತಿಳಿಯಬೇಡಿ, ಸಾಮಾನ್ಯವಾಗಿ ಅದು ಕೊನೆಯ ಪುಟಗಳಲ್ಲಿ ಅಡಗಿರುತ್ತದೆ. ಆ 8 ಬಾರ್‌ಗಳನ್ನು ಮಾತ್ರ ಒಂದು ವಾರ, ದಿನಕ್ಕೆ 20 ನಿಮಿಷ ಅಭ್ಯಾಸ ಮಾಡಿ. ವಾರದ ಕೊನೆಗೆ ಒಂದೊಂದೇ ಕೈಯಲ್ಲಿ, ಅರ್ಧ ವೇಗದಲ್ಲಿ, ನಿಲ್ಲದೆ ನುಡಿಸಲು ಬಂದರೆ ಕೃತಿ ನಿಮಗೆ ಸರಿಹೋಗುತ್ತದೆ. ಸ್ವರಗಳನ್ನು ಓದುವುದೇ ಇನ್ನೂ ಮುಗಿದಿಲ್ಲ ಅಂದರೆ ಬೇರೆ ಕೃತಿ ನೋಡಿ. ಇದರಲ್ಲಿ ನಾಚಿಕೆ ಏನಿದೆ? ಒಂದು ವಾರದಲ್ಲಿ ಗೊತ್ತಾದದ್ದು ಒಳ್ಳೆಯದೇ ಆಯಿತು.

ಗೆಳೆಯರ ಮಟ್ಟ ಬೇರೆ ಬೇರೆ ಇದ್ದರೆ ಒಂದೇ ಸೊನಾಟಾದ ಭಾಗಗಳನ್ನು ಹಂಚಿಕೊಳ್ಳಿ. ಬೀಥೋವನ್‌ನ ಮೂನ್‌ಲೈಟ್ ಸೊನಾಟಾ, ಅಂದರೆ ಓಪಸ್ 27 ನಂ. 2, ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಭಾಗ ನಿಧಾನ, ಎರಡನೆಯದು ಚಿಕ್ಕದು, ಮೂರನೆಯದು ಬಿರುಗಾಳಿಯಂಥ ಪ್ರೆಸ್ಟೊ, ಅಂದರೆ ಅತಿ ವೇಗದ್ದು. ಮೂವರು ಮೂರು ಮಟ್ಟದಲ್ಲಿದ್ದರೂ ಕೊನೆಗೆ ಒಂದು ಇಡೀ ಸೊನಾಟಾ ನಿಮ್ಮ ಗುಂಪಿನದಾಗುತ್ತದೆ. ಇದರ ಖುಷಿಯೇ ಬೇರೆ.

ಹಂತ 3: ನಿಯಮಗಳನ್ನು ಬರೆದಿಡಿ

ಗೆಳೆಯರ ನಡುವೆ ನಿಯಮ ಯಾಕೆ ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ಒಬ್ಬರು ಎಡಿಟ್ ಮಾಡಿದ ವಿಡಿಯೊ ಕಳಿಸುತ್ತಾರೆ, ಇನ್ನೊಬ್ಬರು ಅರ್ಧ ವೇಗದಲ್ಲಿ ನುಡಿಸಿ ಮುಗಿಯಿತು ಅನ್ನುತ್ತಾರೆ. ಮನಸ್ಸು ಕೆಡುವುದು ಇಂಥ ಜಾಗದಲ್ಲೇ. ಒಂದು ಪುಟದಲ್ಲಿ ಇಷ್ಟನ್ನು ಬರೆದು ಎಲ್ಲರೂ ಒಪ್ಪಿಕೊಳ್ಳಿ:

ಒಂದು, ಕೊನೆಯ ದಿನಾಂಕ. 4ರಿಂದ 6 ನಿಮಿಷದ ಕೃತಿಗೆ 12 ವಾರ ಇಟ್ಟುಕೊಳ್ಳಿ. ಕೃತಿಯ ನಕ್ಷೆ ಮತ್ತು ಫಿಂಗರಿಂಗ್‌ಗೆ (ಯಾವ ಸ್ವರಕ್ಕೆ ಯಾವ ಬೆರಳು ಅನ್ನುವುದಕ್ಕೆ) 1 ವಾರ, ಸ್ವರಗಳನ್ನು ಕಲಿಯಲು 6 ವಾರ, ವೇಗ ಮತ್ತು ಜೋಡಣೆಗೆ 3 ವಾರ, ಪೂರ್ತಿ ನುಡಿಸಲು 2 ವಾರ.

ಎರಡು, ಯಾವುದನ್ನು ಮುಗಿಯಿತು ಅಂತ ಒಪ್ಪುತ್ತೇವೆ. ಒಂದೇ ಟೇಕ್, ಕತ್ತರಿ ಹಾಕುವಂತಿಲ್ಲ. ತಪ್ಪಾದರೆ ನಿಲ್ಲದೆ ಮುಂದೆ ಹೋಗಬೇಕು. ಕನಿಷ್ಠ ವೇಗ ಎಷ್ಟು ಅಂತ ಮೆಟ್ರೊನೋಮ್ (ತಾಳ ಹಾಕುವ ಸಾಧನ) ಅಂಕೆಯಲ್ಲೇ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅಂತ ಬರೆಯಿರಿ. ಎಲ್ಲರಿಗೂ ಒಂದೇ ಅಂಕೆ ಬೇಡ. ತನ್ನ ಗುರಿ ವೇಗವನ್ನು ಪ್ರತಿಯೊಬ್ಬರೂ ತಾನೇ ಬರೆಯಲಿ, ಅದರ 80 ಶೇಕಡಾ ಮುಟ್ಟಿದರೆ ಮುಗಿದಂತೆ.

ಮೂರು, ವಾರದ ರೆಕಾರ್ಡಿಂಗ್ ಯಾವ ದಿನ, ಎಷ್ಟು ಹೊತ್ತಿಗೆ. ನಾಲ್ಕು, ಸ್ಕೋರ್ (ಅಚ್ಚಾದ ಸ್ವರಲಿಪಿ) ನೋಡಿಕೊಂಡು ನುಡಿಸಬಹುದೋ, ನೆನಪಿನಿಂದಲೇ ನುಡಿಸಬೇಕೋ. ಐದು, ಹಿಂದೆ ಸರಿಯುವ ದಾರಿ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಬರೆಯಲೇಬೇಕು. ಕೆಲಸದ ಒತ್ತಡ ಬಂದವರು ಕೃತಿಯ ಒಂದು ಭಾಗಕ್ಕೆ ಗುರಿ ಇಳಿಸಿಕೊಂಡು ಗುಂಪಿನಲ್ಲೇ ಉಳಿಯಬಹುದು ಅನ್ನುವ ಒಂದು ಸಾಲು ಸಾಕು. ಆ ಬಾಗಿಲು ಇಲ್ಲದಿದ್ದರೆ ಅವರು ಹೇಳದೆ ಕೇಳದೆ ಮಾಯವಾಗುತ್ತಾರೆ, ಅವರ ಹಿಂದೆ ಇನ್ನೊಬ್ಬರು.

ಹಂತ 4: ಬೇಕಾದ ಸಾಮಾನು

ಪಿಯಾನೊ, ಅಥವಾ 88 ಕೀಗಳಿರುವ, ತೂಕದ ಕೀಗಳ ಡಿಜಿಟಲ್ ಪಿಯಾನೊ. 61 ಕೀಗಳ ಕೀಬೋರ್ಡ್‌ನಲ್ಲಿ ಇಂಥ ಕೃತಿಗಳ ಮೇಲಿನ ಮತ್ತು ಕೆಳಗಿನ ಸ್ವರಗಳೇ ಇರುವುದಿಲ್ಲ. ಹಗುರ ಕೀಗಳಲ್ಲಿ ಕಲಿತ ವೇಗ ನಿಜವಾದ ಪಿಯಾನೊದಲ್ಲಿ ಕೈಗೆ ಬರುವುದಿಲ್ಲ. ಸಸ್ಟೇನ್ ಪೆಡಲ್ (ಸ್ವರವನ್ನು ಉದ್ದಕ್ಕೆ ಉಳಿಸಲು ಕಾಲಲ್ಲಿ ಒತ್ತುವುದು) ಜಾರದಂತಿರಲಿ. ಆಸನದ ಎತ್ತರ ಸರಿಮಾಡಿಕೊಳ್ಳಿ: ಕೈ ಕೀಗಳ ಮೇಲಿಟ್ಟಾಗ ಮೊಣಕೈ ಹೆಚ್ಚುಕಡಿಮೆ ಕೀಗಳ ಮಟ್ಟಕ್ಕೇ ಇರಬೇಕು. ಜೊತೆಗೆ ಮೆಟ್ರೊನೋಮ್, ಮೃದುವಾದ ಪೆನ್ಸಿಲ್, ರಬ್ಬರ್, ಫೋನ್ ಮತ್ತು ಅದನ್ನು ನಿಲ್ಲಿಸುವ ಸ್ಟ್ಯಾಂಡ್.

ಸ್ಕೋರ್ ವಿಷಯದಲ್ಲಿ ಒಂದು ಮಾತು. ಎಲ್ಲರ ಹತ್ತಿರವೂ ಒಂದೇ ಆವೃತ್ತಿ ಇರಬೇಕು. ಹಳೆಯ ಕೃತಿಗಳ ಸ್ಕೋರ್‌ಗಳು ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಆದರೆ ಒಂದೇ ಕೃತಿಗೆ ಹತ್ತಾರು ಆವೃತ್ತಿಗಳಿರುತ್ತವೆ. ಶೋಪ್ಯಾನ್‌ನ ಫಾಂಟೇಸಿ ಇಂಪ್ರಾಂಪ್ಟು ನೋಡಿ. 1855ರಲ್ಲಿ ಶೋಪ್ಯಾನ್‌ನ ಗೆಳೆಯ ಫೊಂಟಾನಾ ಪ್ರಕಟಿಸಿದ ಪಾಠ (ಸ್ವರಗಳ ಬರಹರೂಪ) ಒಂದು, 1835ರಲ್ಲಿ ಶೋಪ್ಯಾನ್ ಸ್ವಂತ ಕೈಯಲ್ಲಿ ಬರೆದ ಪ್ರತಿಯ ಪಾಠ ಇನ್ನೊಂದು. ಎರಡರಲ್ಲೂ ಅಲ್ಲಲ್ಲಿ ಸ್ವರಗಳೇ ಬೇರೆ. ಇಬ್ಬರು ಬೇರೆ ಬೇರೆ ಪಾಠ ಹಿಡಿದು ಕೂತರೆ ತಪ್ಪು ಯಾರದು ಅನ್ನುವ ವಾದದಲ್ಲೇ ಸಂಜೆ ಕಳೆಯುತ್ತದೆ. ಸಂಪಾದಕರ ಸೇರ್ಪಡೆ ಕಡಿಮೆ ಇರುವ ಉರ್ಟೆಕ್ಸ್ಟ್ ಆವೃತ್ತಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಹಂತ 5: ಕೀ ಮುಟ್ಟುವ ಮೊದಲು ನಕ್ಷೆ

ಸ್ಕೋರ್ ಮತ್ತು ಪೆನ್ಸಿಲ್ ಹಿಡಿದು ಮೇಜಿನ ಮುಂದೆ ಕೂರಿ. ಪ್ರತಿ ಸಾಲಿನ ಆರಂಭದಲ್ಲಿ ಬಾರ್ ಸಂಖ್ಯೆ ಬರೆಯಿರಿ. ಗುಂಪಿನ ಮಾತುಕತೆ ಎಲ್ಲವೂ ಇನ್ನು ಮುಂದೆ ಈ ಸಂಖ್ಯೆಗಳಲ್ಲೇ ನಡೆಯಬೇಕು.

ಆಮೇಲೆ ಎಲ್ಲಿ ಯಾವುದು ಮರಳಿ ಬರುತ್ತದೆ ಅಂತ ಗುರುತು ಹಾಕಿ. ಫಾಂಟೇಸಿ ಇಂಪ್ರಾಂಪ್ಟುವಿನಲ್ಲಿ ವೇಗದ ಮೊದಲ ಭಾಗ, ಹಾಡಿನಂತಹ ನಿಧಾನದ ಮಧ್ಯ ಭಾಗ, ಮತ್ತೆ ಅದೇ ವೇಗದ ಭಾಗ, ಕೊನೆಗೆ ಒಂದು ಕೋಡಾ, ಅಂದರೆ ಮುಕ್ತಾಯದ ಭಾಗ. ಮೊದಲ ಭಾಗ ಕಲಿತರೆ ಮೂರನೆಯದರ ಬಹುಪಾಲು ಬಂದಂತೆ. ಉದ್ದ ನೋಡಿ ಹೆದರುವವರಿಗೆ ಈ ಲೆಕ್ಕ ಧೈರ್ಯ ಕೊಡುತ್ತದೆ. ಆದರೆ ಮರಳಿ ಬಂದಾಗ ಒಂದೆರಡು ಸ್ವರ ಬದಲಾಗಿದ್ದರೆ ಅದಕ್ಕೆ ದಪ್ಪ ಸುತ್ತು ಹಾಕಿ. ಸರಾಗವಾಗಿ ನುಡಿಸುವಾಗ ಕೈ ಹಳೆಯ ದಾರಿಗೇ ಹೋಗುವುದು ಅಲ್ಲೇ.

ಈಗ ಕೃತಿಯನ್ನು 4ರಿಂದ 8 ಬಾರ್‌ಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಸುಲಭ, ಮಧ್ಯಮ, ಕಷ್ಟ ಅಂತ ಬರೆಯಿರಿ. ಕಲಿಯುವ ಕ್ರಮ ಕಷ್ಟದಿಂದ ಸುಲಭಕ್ಕೆ. ಮೊದಲ ಬಾರ್‌ನಿಂದ ಶುರು ಮಾಡುವುದೇ ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಮೊದಲ ಪುಟಕ್ಕೆ ಹತ್ತು ವಾರದ ಅಭ್ಯಾಸ ಸಿಗುತ್ತದೆ, ಕೊನೆಯ ಪುಟಕ್ಕೆ ಹತ್ತು ದಿನ. ಕಷ್ಟ ಇರುವುದು ಕೊನೆಯ ಪುಟದಲ್ಲಿ ಅಲ್ವಾ?

ಹಂತ 6: ಫಿಂಗರಿಂಗ್ ಮೊದಲೇ ತೀರ್ಮಾನಿಸಿ

ಯಾವ ಸ್ವರಕ್ಕೆ ಯಾವ ಬೆರಳು ಅನ್ನುವುದನ್ನು ಮೊದಲ ವಾರದಲ್ಲೇ ಬರೆದಿಡಿ. ಹೆಬ್ಬೆರಳು 1, ಕಿರುಬೆರಳು 5. ಪ್ರತಿ ಸ್ವರಕ್ಕೂ ಬರೆಯಬೇಕಿಲ್ಲ. ಕೈ ಜಾಗ ಬದಲಿಸುವ ಕಡೆ, ಹೆಬ್ಬೆರಳು ಕೆಳಗೆ ದಾಟುವ ಕಡೆ ಬರೆದರೆ ಸಾಕು.

ನಿಧಾನದಲ್ಲಿ ಯಾವ ಫಿಂಗರಿಂಗ್ ಆದರೂ ನಡೆಯುತ್ತದೆ, ವೇಗದಲ್ಲಿ ನಡೆಯುವುದಿಲ್ಲ. ಇದು ಗೊತ್ತಾಗುವುದು ಎಂಟನೇ ವಾರದಲ್ಲಿ, ಆಗ ಬದಲಿಸುವುದು ತುಂಬಾ ಕಷ್ಟ. ಅದಕ್ಕೇ ಮೊದಲ ದಿನವೇ ಆರೇಳು ಸ್ವರಗಳ ಚಿಕ್ಕ ತುಂಡನ್ನು ತೆಗೆದುಕೊಂಡು, ತಪ್ಪಾದರೂ ಪರವಾಗಿಲ್ಲ ಅಂತ ಪೂರ್ತಿ ವೇಗದಲ್ಲಿ ಒಂದೆರಡು ಸಲ ನುಡಿಸಿ ನೋಡಿ. ಮಣಿಕಟ್ಟು ತಿರುಚಿಕೊಂಡರೆ, ಹೆಬ್ಬೆರಳು ಸಿಕ್ಕಿಹಾಕಿಕೊಂಡರೆ, ಆ ಫಿಂಗರಿಂಗ್ ಬೇಡ.

ಅಚ್ಚಾದ ಫಿಂಗರಿಂಗ್ ಬೇರೆಯವರ ಕೈಗೆ ಹೊಂದಿಸಿದ್ದು. ನಿಮ್ಮ ಕೈಗೆ ಹೊಂದದಿದ್ದರೆ ಬದಲಿಸಿ. ಗೆಳೆಯರ ಫಿಂಗರಿಂಗ್ ಕೇಳಿ ನೋಡಿ, ಒಮ್ಮೊಮ್ಮೆ ಒಂದು ಬಾರ್‌ನ ಕಷ್ಟ ಅಲ್ಲೇ ಬಿಡಿಸಿಹೋಗುತ್ತದೆ. ಆದರೆ ಒಂದು ಸಲ ತೀರ್ಮಾನ ಆದ ಮೇಲೆ ದಿನಕ್ಕೊಂದು ಬೆರಳು ಹಾಕಬೇಡಿ.

ಹಂತ 7: ಒಂದೊಂದೇ ಕೈ, ಆಮೇಲೆ ಎರಡೂ

ಪ್ರತಿ ತುಂಡನ್ನು ಬಲಗೈ ಒಂದರಲ್ಲಿ, ಎಡಗೈ ಒಂದರಲ್ಲಿ ಕಲಿಯಿರಿ. ಎಡಗೈಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಎಡಗೈ ತಾನಾಗಿ ನಡೆಯುವಂತಾದರೆ ಬಲಗೈಯ ರಾಗ ಕೇಳಿಸಿಕೊಳ್ಳಲು ಮನಸ್ಸಿಗೆ ಬಿಡುವು ಸಿಗುತ್ತದೆ. ಈ ಹಂತದಲ್ಲಿ ಪೆಡಲ್ ಮುಟ್ಟಬೇಡಿ. ಪೆಡಲ್ ಒತ್ತಿದರೆ ಬಿಟ್ಟುಹೋದ ಸ್ವರ, ಒಂದರ ಮೇಲೊಂದು ಬಿದ್ದ ಸ್ವರ, ಎಲ್ಲವೂ ಮುಚ್ಚಿಹೋಗಿ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಎರಡು ಕೈ ಸೇರಿಸುವಾಗ ತುಂಬಾ ಜನ ಎಡವುವುದು ಒಂದು ಕೈಗೆ ಮೂರು, ಇನ್ನೊಂದಕ್ಕೆ ನಾಲ್ಕು ಸ್ವರ ಬರುವ ಕಡೆ. ಫಾಂಟೇಸಿ ಇಂಪ್ರಾಂಪ್ಟುವಿನ ವೇಗದ ಭಾಗ ಪೂರ್ತಿ ಹೀಗೇ ಇದೆ. ಬಲಗೈ ನಾಲ್ಕು ನುಡಿಸುವ ಹೊತ್ತಿಗೆ ಎಡಗೈ ಮೂರು. ಇದನ್ನು ಅಂದಾಜಿನಲ್ಲಿ ಹೊಂದಿಸಲು ಹೋಗಬೇಡಿ. ಕ್ರಮವಾಗಿ ಹೀಗೆ ಮಾಡಿ.

ಮೊದಲು ಎರಡು ಕೈಯಲ್ಲಿ ತೊಡೆಯ ಮೇಲೆ ತಟ್ಟಿ. ಬಾಯಲ್ಲಿ 1ರಿಂದ 12ರವರೆಗೆ ಸಮನಾಗಿ ಎಣಿಸಿ. ಬಲಗೈ 1, 4, 7, 10ಕ್ಕೆ. ಎಡಗೈ 1, 5, 9ಕ್ಕೆ. ಒಟ್ಟಿಗೆ ಸೇರಿದಾಗ ಬರುವ ಕ್ರಮ ಇದು: ಎರಡೂ ಒಟ್ಟಿಗೆ, ಬಲ, ಎಡ, ಬಲ, ಎಡ, ಬಲ. ಎರಡನೆಯ ಮತ್ತು ಮೂರನೆಯ ತಟ್ಟಿನ ನಡುವೆ ಅಂತರ ತೀರಾ ಕಡಿಮೆ, ಕೊನೆಯ ಎರಡರ ನಡುವೆಯೂ ಅಷ್ಟೇ. ಆ ಎರಡು ಜೋಡಿಗಳು ಕಿವಿಗೆ ಸ್ಪಷ್ಟವಾಗಿ ಬಿದ್ದರೆ ನೀವು ಸರಿಯಾಗಿ ಮಾಡುತ್ತಿದ್ದೀರಿ. ಮೂರಕ್ಕೆ ಎರಡು ಇರುವ ಕಡೆ 6ರವರೆಗೆ ಎಣಿಸಿ. ಮೂರರ ಕೈ 1, 3, 5ಕ್ಕೆ, ಎರಡರ ಕೈ 1, 4ಕ್ಕೆ.

ತಟ್ಟುವುದು ಮಾತಾಡುವಷ್ಟು ಸಲೀಸಾದ ಮೇಲೆ ಒಂದೊಂದು ಕೀ ಮೇಲೆ ಅದನ್ನೇ ಮಾಡಿ, ಆಮೇಲೆ ಕೃತಿಯ ಸ್ವರಗಳಿಗೆ ಬನ್ನಿ. ಇಲ್ಲಿ ಒಂದು ಎಚ್ಚರಿಕೆ: ವೇಗ ಏರಿದ ಮೇಲೆ 12 ಎಣಿಸುತ್ತಾ ಕೂರಬೇಡಿ. ಆಗ ಗಮನ ಎರಡೂ ಕೈ ಕೂಡುವ ಆ ಒಂದು ಬೀಟ್ ಮೇಲಿರಲಿ. ಒಂದೊಂದು ಕೈಯೂ ತನ್ನಷ್ಟಕ್ಕೆ ಸಮನಾಗಿ ಹರಿಯಲಿ. ಇದು ಆಗಬೇಕಾದರೆ ಒಂಟಿ ಕೈ ಅಭ್ಯಾಸ ಗಟ್ಟಿಯಾಗಿರಬೇಕು. ಕೈ ಸೇರಿಸುವಾಗ ಮುರಿದುಬಿದ್ದರೆ ತಪ್ಪು ಸಾಮಾನ್ಯವಾಗಿ ಎಡಗೈ ಅಭ್ಯಾಸದಲ್ಲಿರುತ್ತದೆ.

ದಿನಕ್ಕೆ 40 ನಿಮಿಷ ಸಿಗುವವರು ಹೀಗೆ ಹಂಚಿಕೊಳ್ಳಬಹುದು. 5 ನಿಮಿಷ ಕೈ ಬಿಸಿ ಮಾಡಲು, 20 ನಿಮಿಷ ಈ ವಾರದ ಕಷ್ಟದ ತುಂಡಿಗೆ, 10 ನಿಮಿಷ ಹಿಂದಿನ ವಾರಗಳ ತುಂಡುಗಳಿಗೆ, 5 ನಿಮಿಷ ರೆಕಾರ್ಡ್ ಮಾಡಿ ಕೇಳಲು. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಹಂತ 8: ವೇಗ ಏರಿಸುವುದು

ಮೆಟ್ರೊನೋಮ್ ಏಣಿ ಎಲ್ಲರಿಗೂ ಗೊತ್ತು. 60ರಲ್ಲಿ ಮೂರು ಸಲ ತಪ್ಪಿಲ್ಲದೆ ಬಂದರೆ 64, ಅಲ್ಲಿ ಮೂರು ಸಲ ಬಂದರೆ 68. ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ದಿನದ ಕೊನೆಯ ಸಲ ಯಾವಾಗಲೂ ನಿಧಾನದಲ್ಲಿ, ಶುದ್ಧವಾಗಿ. ಇಷ್ಟರಿಂದ ಅರ್ಧ ದಾರಿ ಸಾಗುತ್ತದೆ.

ಆಮೇಲೆ ಒಂದು ಗೋಡೆ ಎದುರಾಗುತ್ತದೆ. ಗುರಿ 120 ಇದ್ದರೆ 88ರ ಹತ್ತಿರ ಎಲ್ಲೋ ಕೈ ನಿಂತುಬಿಡುತ್ತದೆ. ದಿನಗಟ್ಟಲೆ ಅದೇ ಅಂಕೆ. ಇಲ್ಲಿ ಬಲ ಹಾಕಿ ತಳ್ಳುವವರೇ ಜಾಸ್ತಿ, ನೋವು ಮಾಡಿಕೊಳ್ಳುವವರೂ ಅವರೇ. ಗೋಡೆಗೆ ಕಾರಣ ಏನಂದರೆ, ನಿಧಾನದಲ್ಲಿ ಬೆರಳು ಒಂದೊಂದಾಗಿ ಎತ್ತಿ ಒತ್ತುವ ಚಲನೆ ವೇಗದಲ್ಲಿ ಕೆಲಸ ಮಾಡುವುದಿಲ್ಲ. ವೇಗದಲ್ಲಿ ಬೆರಳು ಕೀಗೆ ಅಂಟಿದಷ್ಟು ಹತ್ತಿರ ಇರಬೇಕು, ಮಣಿಕಟ್ಟು ಮತ್ತು ಮುಂಗೈ ಸ್ವರಗಳ ಗುಂಪನ್ನು ಒಂದೇ ಚಲನೆಯಲ್ಲಿ ಹೊತ್ತೊಯ್ಯಬೇಕು. ಆ ಚಲನೆಯನ್ನು ಬೇರೆಯಾಗಿಯೇ ಕಲಿಯಬೇಕು.

ಅದಕ್ಕೆ ದಾರಿ ಚಿಕ್ಕ ಓಟ. ನಾಲ್ಕು ಸ್ವರ ಮಾತ್ರ ಪೂರ್ತಿ ವೇಗದಲ್ಲಿ ನುಡಿಸಿ, ಐದನೆಯ ಸ್ವರದ ಮೇಲೆ ಇಳಿದು ನಿಲ್ಲಿ. ಭುಜ ಸಡಿಲ ಆಯಿತಾ ನೋಡಿ. ಮುಂದಿನ ನಾಲ್ಕು. ಹೀಗೆ ಒಂದು ಬಾರ್ ಆದ ಮೇಲೆ ಎಂಟು ಸ್ವರಗಳ ಗುಂಪು ಮಾಡಿ, ಆಮೇಲೆ ಪೂರ್ತಿ ಬಾರ್. ಸ್ವರಗಳು ಸಮನಾಗಿ ಬರದಿದ್ದರೆ ಲಯ ಬದಲಿಸಿ ನುಡಿಸಿ: ಉದ್ದ ಗಿಡ್ಡ, ಉದ್ದ ಗಿಡ್ಡ, ಆಮೇಲೆ ಗಿಡ್ಡ ಉದ್ದ. ಇನ್ನೊಂದು ಉಪಾಯ, ತುಂಡಿನ ಕೊನೆಯ ಬಾರ್ ಮೊದಲು ಕಲಿತು ಹಿಂದಕ್ಕೆ ಒಂದೊಂದೇ ಬಾರ್ ಸೇರಿಸುತ್ತಾ ಬರುವುದು. ಆಗ ನುಡಿಸುತ್ತಾ ಹೋದಂತೆ ಗೊತ್ತಿರುವ ಜಾಗದ ಕಡೆಗೇ ಹೋಗುತ್ತೀರಿ, ಧೈರ್ಯ ಹೆಚ್ಚುತ್ತದೆ.

ಪೆಡಲ್ ಸೇರಿಸುವುದು ಈಗ. ಹೊಸ ಹಾರ್ಮನಿಯ (ಕಾರ್ಡ್ ಬದಲಾಗುವ ಕಡೆಯ) ಸ್ವರ ಒತ್ತುವಾಗಲೇ ಕಾಲು ಮೇಲೆತ್ತಿ, ಒತ್ತಿದ ತಕ್ಷಣ ಮತ್ತೆ ಇಳಿಸಿ. ಕಾಲು ತಡವಾದರೆ ಹಳೆಯ ಕಾರ್ಡ್ ಹೊಸದರ ಜೊತೆ ಕಲಸಿಹೋಗುತ್ತದೆ.

ಹೆಸರಾಂತ ಕಲಾವಿದರ ರೆಕಾರ್ಡಿಂಗ್ ಕೇಳಿ, ಆದರೆ ಗುರಿ ವೇಗವನ್ನು ಅಲ್ಲಿಂದ ಎತ್ತಿಕೊಳ್ಳಬೇಡಿ. ಸ್ವಲ್ಪ ನಿಧಾನದಲ್ಲಿ ಎಲ್ಲಾ ಸ್ವರಗಳೂ ಸಮನಾಗಿ, ರಾಗ ಮೇಲೆದ್ದು ಕೇಳಿಸಿದರೆ ಅದು ವೇಗವಾಗಿಯೇ ಇದೆ ಅನ್ನಿಸುತ್ತದೆ.

ಹಂತ 9: ವಾರದ ರೆಕಾರ್ಡಿಂಗ್

ಚಾಲೆಂಜ್‌ನ ಜೀವ ಇರುವುದು ಇಲ್ಲಿ. ವಾರಕ್ಕೆ ಒಂದು ಸಲ, ಗೊತ್ತಾದ ದಿನ, ಪ್ರತಿಯೊಬ್ಬರೂ 8ರಿಂದ 16 ಬಾರ್ ಒಂದೇ ಟೇಕ್‌ನಲ್ಲಿ ನುಡಿಸಿ ಕಳಿಸಬೇಕು. ಯಾವ ಬಾರ್‌ಗಳು, ಮೆಟ್ರೊನೋಮ್ ಎಷ್ಟು, ಇಷ್ಟು ಬರೆದು ಕಳಿಸಿ.

ಕಳಿಸುವ ಮುಂಚೆ ನೀವೇ ಸ್ಕೋರ್ ಮುಂದಿಟ್ಟುಕೊಂಡು ಒಂದು ಸಲ ಕೇಳಿ. ನುಡಿಸುವಾಗ ಕೇಳಿಸದ ಎಷ್ಟೋ ವಿಷಯ ಆಗ ಕೇಳಿಸುತ್ತದೆ. ಕಷ್ಟದ ಬಾರ್ ಬರುವ ಮುಂಚೆ ವೇಗ ಇಳಿಯುವುದು, ಸುಲಭದ ಕಡೆ ಓಡುವುದು, ಎಡಗೈ ಜೋರಾಗಿ ರಾಗ ಮುಳುಗುವುದು.

ಕೇಳಿದವರು ಬರೀ ಸೂಪರ್ ಅಂತ ಬರೆದರೆ ಪ್ರಯೋಜನ ಇಲ್ಲ. ಎರಡು ಸಾಲು ಬರೆಯಲಿ: ಯಾವ ಬಾರ್ ಚೆನ್ನಾಗಿ ಬಂತು, ಯಾವ ಬಾರ್‌ನಲ್ಲಿ ಏನು ಸರಿಯಾಗಬೇಕು. "34ರಲ್ಲಿ ನಿಮ್ಮ ಎಡಗೈ ಸ್ವಲ್ಪ ಜೋರಾಯ್ತು, ಮೇಲಿನ ರಾಗ ಕೇಳಿಸ್ತಿಲ್ಲ" ಅಂದರೆ ನಾಳೆ ಕೆಲಸ ಮಾಡಲು ಒಂದು ಜಾಗ ಸಿಕ್ಕಿತು. ಒಂದೇ ವಾರಕ್ಕೆ ಹತ್ತು ತಪ್ಪು ಪಟ್ಟಿ ಮಾಡಬೇಡಿ. ತಿದ್ದಲು ಆಗುವುದು ಒಂದೋ ಎರಡೋ.

ಎಲ್ಲಕ್ಕಿಂತ ಮುಖ್ಯ, ಕೆಟ್ಟ ವಾರದಲ್ಲೂ ಕಳಿಸಬೇಕು. ರೆಕಾರ್ಡಿಂಗ್ ಸರಿಯಾಗಿಲ್ಲ, ಮುಂದಿನ ವಾರ ಕಳಿಸುತ್ತೇನೆ ಅಂತ ಒಬ್ಬರು ಒಂದು ವಾರ ಬಿಡುತ್ತಾರೆ. ಎರಡನೇ ವಾರ ಸಂಕೋಚ ಇಮ್ಮಡಿಯಾಗುತ್ತದೆ. ಮೂರನೇ ವಾರಕ್ಕೆ ಅವರು ಗುಂಪಿನಲ್ಲಿಲ್ಲ. ಇದನ್ನು ತಡೆಯುವುದು ಸುಲಭ: "ಈ ವಾರ ನಾಲ್ಕೇ ಬಾರ್ ಆಯ್ತು, ಅದನ್ನೇ ಕಳಿಸ್ತಿದ್ದೀನಿ" ಅನ್ನುವುದು ಗುಂಪಿನಲ್ಲಿ ಮಾಮೂಲಿ ಮಾತಾಗಬೇಕು. ಚೆನ್ನಾಗಿ ನುಡಿಸುವವರೇ ಮೊದಲು ತಮ್ಮ ಒರಟು ರೆಕಾರ್ಡಿಂಗ್ ಕಳಿಸಿದರೆ ಉಳಿದವರಿಗೆ ಧೈರ್ಯ ಬರುತ್ತದೆ. ಹೋಲಿಕೆ ಮಾಡಬೇಕಾದರೆ ನಿಮ್ಮ ಈ ವಾರವನ್ನು ನಿಮ್ಮದೇ ಕಳೆದ ವಾರದ ಜೊತೆ ಮಾಡಿ.

ನಿಲ್ಲಿಸಲೇಬೇಕಾದ ಸೂಚನೆಗಳು

ಇದಕ್ಕೆ ಹಂತದ ಸಂಖ್ಯೆ ಇಲ್ಲ, ಯಾಕೆಂದರೆ ಇದು 12 ವಾರವೂ ಜೊತೆಗಿರಬೇಕು.

ಮುಂಗೈ ಬಿಗಿದು ಉರಿಯುವುದು, ಬೆರಳು ಜೋಮು ಹಿಡಿಯುವುದು, ಮಣಿಕಟ್ಟಿನಲ್ಲಿ ಚುಚ್ಚುವ ನೋವು. ಇವುಗಳಲ್ಲಿ ಯಾವುದು ಬಂದರೂ ಆ ಕ್ಷಣ ಕೈ ತೆಗೆಯಿರಿ, ಬಾರ್ ಮುಗಿಸೋಣ ಅನ್ನಬೇಡಿ. ನೋವು ಮಾರನೇ ದಿನವೂ ಇದ್ದರೆ ನುಡಿಸುವುದನ್ನು ನಿಲ್ಲಿಸಿ. ಎರಡು ಮೂರು ದಿನ ಕಳೆದರೂ ಹೋಗದಿದ್ದರೆ, ಅಥವಾ ಜೋಮು ಮತ್ತೆ ಮತ್ತೆ ಬಂದರೆ, ವೈದ್ಯರನ್ನು ಕಾಣಿ. ನೋವು ತಡೆದುಕೊಂಡು ನುಡಿಸಿದರೆ ಕೈ ಗಟ್ಟಿಯಾಗುತ್ತದೆ ಅನ್ನುವುದು ಸುಳ್ಳು, ಗಾಯ ದೊಡ್ಡದಾಗುತ್ತದೆ ಅಷ್ಟೇ.

ನೋವಿಗೆ ಮುಂಚೆ ಕಾಣುವ ಚಿಹ್ನೆಗಳೂ ಇವೆ. ಭುಜ ಕಿವಿಯ ಕಡೆ ಏರುವುದು, ಹಲ್ಲು ಕಚ್ಚುವುದು, ಉಸಿರು ಹಿಡಿಯುವುದು, ಬಳಸದ ಕಿರುಬೆರಳು ಮೇಲೆ ಸೆಟೆದು ನಿಲ್ಲುವುದು. ವಿಡಿಯೊದಲ್ಲಿ ಗೆಳೆಯರ ಕೈಯಲ್ಲಿ ಇದು ಕಂಡರೆ ದಯವಿಟ್ಟು ಹೇಳಿ. ಆಕ್ಟೇವ್‌ಗಳು (ಒಂದೇ ಹೆಸರಿನ ಕೆಳಗಿನ ಮತ್ತು ಮೇಲಿನ ಸ್ವರ ಒಟ್ಟಿಗೆ), ಒಂದೇ ಬಗೆಯ ಚಲನೆ ಪುಟಗಟ್ಟಲೆ ಇರುವ ಕೃತಿಗಳು, 3-4-5 ಬೆರಳುಗಳಿಗೇ ಕೆಲಸ ಕೊಡುವ ಶೋಪ್ಯಾನ್‌ನ ಓಪಸ್ 10 ನಂ. 2 ಎಟ್ಯೂಡ್‌ನಂಥವು (ಎಟ್ಯೂಡ್ ಅಂದರೆ ಅಭ್ಯಾಸಕ್ಕೆ ಬರೆದ ಕೃತಿ), ಇವನ್ನು ಒಂದೇ ಬೈಠಕ್‌ನಲ್ಲಿ 10 ನಿಮಿಷಕ್ಕಿಂತ ಜಾಸ್ತಿ ಮಾಡಬೇಡಿ. 25 ನಿಮಿಷಕ್ಕೊಮ್ಮೆ ಎದ್ದು ಓಡಾಡಿ.

ಕೈಗೆ ಸಂಬಂಧಿಸದ ಒಂದು ಸೂಚನೆಯೂ ಇದೆ. ಒಂದು ಬಾರ್ ಮೂರು ದಿನ ಸತತವಾಗಿ ಅದೇ ಕಡೆ ತಪ್ಪುತ್ತಿದ್ದರೆ ಇನ್ನೂ ನೂರು ಸಲ ನುಡಿಸುವುದು ಪರಿಹಾರ ಅಲ್ಲ. ತಪ್ಪನ್ನೇ ಅಭ್ಯಾಸ ಮಾಡಿದಂತೆ ಆಗುತ್ತದೆ. ಫಿಂಗರಿಂಗ್ ನೋಡಿ, ತಪ್ಪುವ ಸ್ವರಕ್ಕಿಂತ ಎರಡು ಸ್ವರ ಹಿಂದೆ ಕೈ ಎಲ್ಲಿದೆ ನೋಡಿ.

ಹಂತ 10: ನೆನಪಿನಿಂದ ನುಡಿಸುವುದಾದರೆ

ಬೆರಳಿನ ನೆನಪನ್ನು ಮಾತ್ರ ನಂಬಿದರೆ ಎದುರಿಗೆ ಜನ ಕೂತಾಗ ಅದು ಕೈಬಿಡುತ್ತದೆ. ಪ್ರತಿ ತುಂಡಿನ ಮೊದಲ ಬಾರ್‌ಗೆ ಒಂದು ಅಕ್ಷರ ಕೊಡಿ. ಚೀಟಿ ಎತ್ತಿ, ಬಂದ ಅಕ್ಷರದಿಂದ ನುಡಿಸಲು ಶುರು ಮಾಡಿ. ಎಲ್ಲಾ ಅಕ್ಷರಗಳಿಂದಲೂ ಶುರು ಮಾಡಲು ಬಂದರೆ ನಡುವೆ ಮರೆತರೂ ಮುಂದಿನ ತುಂಡಿಗೆ ಹಾರಬಹುದು. ಎಡಗೈ ಒಂದನ್ನೇ ನೆನಪಿನಿಂದ ನುಡಿಸಿ ನೋಡಿ. ಎಲ್ಲಿ ನೆನಪು ತೆಳುವಾಗಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ಹಂತ 11: ಕೊನೆಯ ಎರಡು ವಾರ

ಹೊಸದೇನೂ ಬೇಡ. ಫಿಂಗರಿಂಗ್ ಬದಲಾವಣೆಯೂ ಬೇಡ. ದಿನಕ್ಕೆ ಒಂದೇ ಸಲ, ಕೈ ಬಿಸಿ ಮಾಡದೆ, ಕೂತ ತಕ್ಷಣ ಪೂರ್ತಿ ಕೃತಿಯನ್ನು ರೆಕಾರ್ಡ್ ಮಾಡಿ. ತಪ್ಪಿದರೂ ನಿಲ್ಲಬೇಡಿ. ತಪ್ಪಿದ ಕಡೆಗಳನ್ನು ಗುರುತು ಮಾಡಿ, ಉಳಿದ ಹೊತ್ತೆಲ್ಲಾ ಆ ಬಾರ್‌ಗಳನ್ನು ನಿಧಾನವಾಗಿ ನುಡಿಸಿ. ದಿನಕ್ಕೆ ಆರೇಳು ಸಲ ಪೂರ್ತಿ ನುಡಿಸುವುದು ಹಿತ ಅನ್ನಿಸಬಹುದು. ಅದರಿಂದ ಸ್ವರಗಳು ಸವೆದು ಅಸ್ಪಷ್ಟವಾಗುತ್ತವೆ.

ಹಂತ 12: ಕೊನೆಯ ದಿನ

ಒಂದೇ ಕಡೆ ಸೇರಲು ಆದರೆ ಸೇರಿ. ಆ ಪಿಯಾನೊದ ಕೀ ಮತ್ತು ಪೆಡಲ್ ನಿಮ್ಮದರಂತೆ ಇರುವುದಿಲ್ಲ, ಹಾಗಾಗಿ ಪ್ರತಿಯೊಬ್ಬರಿಗೂ ಮೊದಲೇ ಹತ್ತು ನಿಮಿಷ ಮುಟ್ಟಿ ನೋಡಲು ಬಿಡಿ.

ದೂರದಲ್ಲಿದ್ದರೆ ವಿಡಿಯೊ ಕರೆ. ಕರೆಯ ಆ್ಯಪ್‌ಗಳು ಪಿಯಾನೊದ ದನಿಯನ್ನು ಗದ್ದಲ ಅಂತ ತಿಳಿದು ಕತ್ತರಿಸುತ್ತವೆ, ಉದ್ದ ಸ್ವರಗಳು ನಡುವೆಯೇ ಮಾಯವಾಗುತ್ತವೆ. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಆಯ್ಕೆ ಆನ್ ಮಾಡಿ. ಜೊತೆಗೆ ಫೋನ್‌ನಲ್ಲೂ ಬೇರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಫೋನ್ ಪಿಯಾನೊ ಮೇಲೆ ಇಡಬೇಡಿ, ಒಂದೆರಡು ಮೀಟರ್ ದೂರ ಸ್ಟ್ಯಾಂಡ್ ಮೇಲಿರಲಿ. ಅತಿ ಜೋರಾದ ಬಾರ್ ಒಂದನ್ನು ಮೊದಲೇ ರೆಕಾರ್ಡ್ ಮಾಡಿ ದನಿ ಒಡೆಯುತ್ತದಾ ನೋಡಿ.

ಗೆದ್ದವರು ಯಾರು ಅಂತ ಹೇಳಲೇಬೇಕಾದರೆ ಮೂರು ಪ್ರಶ್ನೆ ಸಾಕು. ತಾನೇ ಬರೆದ ಗುರಿ ಮುಟ್ಟಿದರಾ? ಎಷ್ಟು ವಾರ ತಪ್ಪದೆ ಕಳಿಸಿದರು? ಮೊದಲ ವಾರದ ರೆಕಾರ್ಡಿಂಗ್‌ಗೂ ಇವತ್ತಿಗೂ ಎಷ್ಟು ವ್ಯತ್ಯಾಸ? ಈ ಲೆಕ್ಕದಲ್ಲಿ ಗ್ರೇಡ್ 4ರವರು ಗ್ರೇಡ್ 8ರವರನ್ನು ನ್ಯಾಯವಾಗಿಯೇ ಗೆಲ್ಲಬಹುದು.

ಅದೇ ದಿನ, ಮರೆಯುವ ಮುಂಚೆ, ಸ್ಕೋರ್‌ನ ಕೊನೆಯ ಪುಟದಲ್ಲಿ ಇವತ್ತು ನುಡಿಸಿದ ವೇಗ ಮತ್ತು ಇನ್ನೂ ಗಟ್ಟಿಯಾಗದ ಬಾರ್‌ಗಳ ಸಂಖ್ಯೆ ಬರೆದಿಡಿ. ಎರಡು ವಾರ ಆ ಕೃತಿಯನ್ನು ಮುಟ್ಟಬೇಡಿ. ಆಮೇಲೆ ಮತ್ತೆ ತೆಗೆದು, ಬರೆದಿಟ್ಟ ಬಾರ್‌ಗಳಿಂದಲೇ ಶುರು ಮಾಡಿ.